ತಾತನ ಕಾರಿನ ಬ್ರೇಕು

“ಬ್ರೇಕ್ ಸರಿಮಾಡು ಅಂದ್ರೆ, ನಮ್ಮ ತಾತನ ಕಾರಿಗೆ ಮೊನ್ನೆ ಮೊನ್ನೆ ಬಂದ ಹೊಸ ಕಾರಿನ ಡಿಸ್ಕ್ ಬ್ರೇಕ್ ಹಾಕಿದ್ದೀಯ? ಹಳೇದನ್ನೇ ಹಾಕು, ಇಲ್ಲಾ ಗ್ಯಾರೇಜ್ ಮುಚ್ಚಿಸ್ತೀನಿ!” ನಂಜರಾಜೇ ಅರಸರು ಗುಡುಗಿದರು.

ಮೆಕ್ಯಾನಿಕ್ ಸಿದ್ದಾಚಾರಿ ಗ್ಯಾರೇಜಿನ ಮುಂದಿನ ಇಳಿಜಾರಿನ ಕೊನೆಯಲ್ಲಿ ಒಂದು ನಿಂಬೆಹಣ್ಣಿಟ್ಟು, ಅದರ ಹಿಂದೆ ತಾನೇ ನಿಂತ.

“ಬೇರೆ ಕಡೆ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಬೇಕು ಬುದ್ಧಿ. ನಮ್ಮಲ್ಲಿ ಹತ್ತಬಾರದು. ಜೋರಾಗಿ ಬಂದು ಬ್ರೇಕ್ ಒತ್ತಿ.”

ಕಾರು ನುಗ್ಗಿ ಬಂತು. ಸಿದ್ದಾಚಾರಿ ಕಣ್ಣು ಮುಚ್ಚಿದ. ಟೈರು ಕಿರುಚಿ ನಿಂತಿತು. ಹಣ್ಣು ಹಾಗೇ ಇತ್ತು.

“ಇನ್ನು ಹಳೇ ಬ್ರೇಕ್ ಹಾಕ್ತೀನಿ ಬುದ್ಧಿ. ಆಮೇಲೆ ಕಾರು ನಾನು ಓಡಿಸ್ತೀನಿ, ಹಣ್ಣಿನ ಹಿಂದೆ ತಾವು ನಿಂತ್ಕೊಳ್ಳಿ.”

ಅರಸರು ಹಣ್ಣು ನೋಡಿದರು, ಇಳಿಜಾರು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಚಕ್ರಕ್ಕೆ ತಾತನ ಕಾಲದ ಮುಚ್ಚಳ ಹಾಕಿದ್ರೆ ಒಳಗಿರೋದು ಯಾರಿಗೂ ಕಾಣಲ್ಲ ತಾನೆ?”