ಟೈರತ್ತೆಗೆ ಬಂದ ಹೊಸ ಸೊಸೆ

ಒಂದು ರೇಸ್ ಸೈಕಲ್ಲಿನಲ್ಲಿ ಟೈರು ಅತ್ತೆ, ಟ್ಯೂಬು ಸೊಸೆ. ಸೊಸೆ ದಿನಾ ಪಂಕ್ಚರ್ ಆಗುತ್ತಿದ್ದಳು, ಮೈತುಂಬ ಪ್ಯಾಚು. ಕೊನೆಗೆ ಸೈಕಲ್ ಒಡತಿ ಕುಮುದ ರಸ್ತೆಯಲ್ಲೇ ಅವಳನ್ನು ಬಿಚ್ಚಿ, "ಮನೆಗೆ ಹೋಗಿ ನಿನ್ನನ್ನು ಕತ್ತರಿಸಿ ಕಟ್ಟುಹಗ್ಗ ಮಾಡ್ತೀನಿ" ಎಂದು ಹ್ಯಾಂಡಲ್ಲಿಗೆ ನೇತುಹಾಕಿದಳು. ಹೊಸ ಟ್ಯೂಬು ಹಾಕಿದಳು. ಸ್ವಲ್ಪ ದೂರಕ್ಕೇ ಅದೂ ಠುಸ್ಸೆಂದಿತು.

"ಇವಳೂ ಅಂಥವಳೇ! ಈಗಿನವರಿಗೆ ಒಂದು ಚೂರೂ ತಾಳಿಕೆಯಿಲ್ಲ," ಎಂದಳು ಟೈರತ್ತೆ.

"ಅತ್ತೆ, ಅಕ್ಕನಿಗೂ ನನಗೂ ಒಂದೇ ಜಾಗದಲ್ಲಿ ತೂತು. ನಿಮ್ಮ ಒಳಗೂ ಒಮ್ಮೆ ನೋಡಬಾರದೇ?" ಎಂದಳು ಹೊಸ ಸೊಸೆ.

"ಬಂದು ಗಳಿಗೆಯಾಗಿಲ್ಲ, ನನ್ನನ್ನೇ ಅನ್ನುತ್ತೀಯಾ?"

ಅಷ್ಟರಲ್ಲಿ ಕುಮುದ ಟೈರಿನೊಳಗೆ ಬೆರಳಾಡಿಸಿ "ಹಾ!" ಎಂದಳು. ಮುರಿದ ಜಾಲಿಮುಳ್ಳೊಂದು ಸಿಕ್ಕಿತು.

"ಅಯ್ಯೋ, ಇದು ಇಲ್ಲೇ ಇತ್ತೇ? ನನಗೆ ಒಂದು ದಿನವೂ ಚುಚ್ಚಲಿಲ್ಲವಲ್ಲ!"

"ಹೇಗೆ ಚುಚ್ಚೀತು ಅತ್ತೆ? ಅದರ ಬೆನ್ನು ನಿಮ್ಮ ಕಡೆಗಿತ್ತು, ಮೂತಿ ನಮ್ಮ ಕಡೆಗೆ."

ಕುಮುದ ಮುಳ್ಳು ಕಿತ್ತೆಸೆದು ಇಬ್ಬರು ಸೊಸೆಯರಿಗೂ ಪ್ಯಾಚು ಹಾಕಿದಳು. ಹಗ್ಗವಾಗಬೇಕಿದ್ದ ಹಿರಿ ಸೊಸೆ ಸೀಟಿನ ಕೆಳಗಿನ ಚೀಲದಲ್ಲಿ ಹಾಯಾಗಿ ಕೂತಳು. ಸೈಕಲ್ಲು ಇಳಿಜಾರಿನಲ್ಲಿ ಹಾರಿತು.

ಈಗ ಗಾಳಿ ಕಡಿಮೆಯಾದರೆ ಟೈರತ್ತೆಯೇ ಮೊದಲು ಕೂಗುತ್ತಾಳೆ, "ನನ್ನ ಒಳಗೆ ನೋಡಿ!"

ಚೀಲದೊಳಗಿಂದ ಹಿರಿ ಸೊಸೆ ನಗುತ್ತಾಳೆ: "ನೋಡೇ ತಂಗಿ, ತನ್ನ ತಪ್ಪು ನೋಡಿಕೊಳ್ಳುವಷ್ಟು ಅತ್ತೆಗೂ ತಾಳಿಕೆ ಬಂತು!"