ಗುರುತಿನ ಕಟ್ಟೆ

ಬನ್ನಿದಿನ್ನಿಯಲ್ಲಿ ಬಸ್ಸಿಳಿದು, ಡಾಂಬರು ರಸ್ತೆಯನ್ನು ಎಡಕ್ಕೆ ಬಿಟ್ಟು, ಜೋಳದ ಹೊಲಗಳ ನಡುವಿನ ಹಳೆಯ ಕಾಲುದಾರಿಯಲ್ಲಿ ಮೂಡಲಿಗೆ ಅರ್ಧ ತಾಸು ನಡೆದರೆ ಬಟ್ಟಬಯಲಿನಲ್ಲಿ ಒಂದು ಕಲ್ಲಿನ ಕಟ್ಟೆ ಸಿಗುತ್ತದೆ. ಹತ್ತಿರದಲ್ಲಿ ಗಿಡವಿಲ್ಲ, ಗುಡಿಯಿಲ್ಲ, ಬಾವಿಯಿಲ್ಲ. ಕಟ್ಟೆ ಎಂದರೆ ಕುಳಿತುಕೊಳ್ಳುವುದಕ್ಕೆ ಇರುವಂಥದ್ದು. ಇದರ ಮೇಲೆ ಕುಳಿತುಕೊಳ್ಳುವುದು ಸುಲಭವಲ್ಲ. ನಿಂತ ಗಂಡಸಿನ ಎದೆಮಟ್ಟಕ್ಕೆ ಬರುತ್ತದೆ, ಅಳೆದರೆ ಸರಿಯಾಗಿ ಮೂರು ಮೊಳ. ಆದರೂ ಮೇಲಿನ ಚಪ್ಪಡಿಯ ಅಂಚನ್ನು ತೊಡೆಗೆ ಒತ್ತದಂತೆ ಸವರಿದ್ದಾರೆ, ಹಿಂದೆ ಒರಗಲು ಒಂದು ಓರೆಗಲ್ಲನ್ನೂ ನಿಲ್ಲಿಸಿದ್ದಾರೆ. ನೋಡಲು ಬಂದವರು ಇದು ಹೊರೆ ಇಳಿಸುವ ಕಲ್ಲಿರಬೇಕು ಎನ್ನುತ್ತಾರೆ. ಹೊರೆಗೆ ಒರಗುಗಲ್ಲು ಯಾಕೆ? ಜೋಳದ ಚೀಲಕ್ಕೆ ಬೆನ್ನು ನೋಯುತ್ತದೆಯೇ? ಆನೆ ಹತ್ತಲು ಕಟ್ಟಿದ್ದು ಎಂದು ವಾದಿಸಿದವರೂ ಉಂಟು. ಬನ್ನಿದಿನ್ನಿಗೆ ಆನೆ ಯಾವಾಗ ಬಂದಿತ್ತೆಂದು ಅವರೇ ಹೇಳಬೇಕು. ಊರವರು ಮಾತ್ರ ಇದನ್ನು ಗುರುತಿನ ಕಟ್ಟೆ ಎಂದು ಕರೆಯುತ್ತಾರೆ. ಯಾವುದರ ಗುರುತು ಎಂದು ಕೇಳಿದರೆ, ಗಡಿಯದಲ್ಲ, ಗದ್ದುಗೆಯದಲ್ಲ ಎಂದು ನಕ್ಕು, ಈ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಕಾಲುದಾರಿಯೇ ಹೆದ್ದಾರಿಯಾಗಿದ್ದ ಕಾಲದಲ್ಲಿ, ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಪಡುವಣ ಸೀಮೆಯ ಜನ ಫಾಲ್ಗುಣದ ಬಿಸಿಲಿನಲ್ಲಿ ಗುಂಪುಗುಂಪಾಗಿ ನಡೆದು ಹೋಗುತ್ತಿದ್ದರು. ಶ್ರೀಶೈಲದ ದೇವರು ಮಲ್ಲಯ್ಯನ ಮಡದಿ ನಮ್ಮ ಮನೆಯ ಮಗಳು ಎಂಬುದು ಈ ಕಡೆಯವರ ನಂಬಿಕೆ. ಅದಕ್ಕೆ ಹೆಂಗಸರು ಬುಟ್ಟಿಯಲ್ಲಿ ಸೀರೆ, ಬಳೆ, ಅರಿಶಿನ ಇಟ್ಟುಕೊಂಡು ಮಗಳ ಮನೆಗೆ ಹೋಗುವ ತಾಯಂದಿರ ಹಾಗೆ ಹೋಗುತ್ತಿದ್ದರು. ದಾರಿಯಲ್ಲಿ ಊರು, ಹೆಸರು ಕೇಳುವ ರೂಢಿ ಆಗ ಇರಲಿಲ್ಲವಂತೆ. ಗಂಡಸರೆಲ್ಲ ಮಲ್ಲಯ್ಯ, ಹೆಂಗಸರೆಲ್ಲ ತಾಯಿ. ಅಂಥ ಒಂದು ಗುಂಪಿನಲ್ಲಿ ಯಮನಪ್ಪ ಎಂಬ ಕಲ್ಲುಕೆಲಸದವನೂ ಅವನ ಮಗಳು ಹುಲಿಗೆವ್ವನೂ ಇದ್ದರು. ಯಮನಪ್ಪ ಯಾತ್ರೆಗೂ ಉಳಿ, ಸುತ್ತಿಗೆ ಬಿಟ್ಟು ಬಂದವನಲ್ಲ. ಇಳಿದುಕೊಂಡ ಊರಲ್ಲೆಲ್ಲ ಮೊಂಡಾದ ಬೀಸುಕಲ್ಲುಗಳಿಗೆ ಉಳಿಯಿಂದ ಹೊಸ ಮೊನೆ ಹೊಡೆದುಕೊಟ್ಟು ಬುತ್ತಿ ಸಂಪಾದಿಸುತ್ತಿದ್ದ. ಹುಲಿಗೆವ್ವನಿಗೂ ಆ ಕೆಲಸ ಚೆನ್ನಾಗಿ ಬರುತ್ತಿತ್ತು. ತಾಯಿಯಿಲ್ಲದ ಹುಡುಗಿ. ಹೆಂಡತಿ ತೀರಿಕೊಂಡ ಸೋದರಮಾವ ಅವಳನ್ನು ಕೇಳಿದ್ದ. ಯಮನಪ್ಪ ಆಗಲಿ ಎಂದೂ ಹೇಳಿರಲಿಲ್ಲ, ಆಗದು ಎಂದೂ ಹೇಳಿರಲಿಲ್ಲ. ಯಾತ್ರೆ ಮುಗಿಸಿ ಬಂದಾಗ ಹೇಳುತ್ತೇನೆ ಎಂದಿದ್ದ. ಹುಲಿಗೆವ್ವನಿಗೆ ಆ ಮಾವ ಬೇಡವಾಗಿದ್ದ. ತಂದೆಗೆ ಅದನ್ನು ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಅದೇ ದಾರಿಯಲ್ಲಿ ಮರಗಾಲಿನವರೂ ನಡೆಯುತ್ತಿದ್ದರು. ಹರಕೆ ಹೊತ್ತವರು ಎರಡು ಮೊಳದ ಮರಗಾಲುಗಳನ್ನು ಮೊಣಕಾಲಿಗೆ ಬಿಗಿದು ಕಟ್ಟಿಕೊಂಡು ಶ್ರೀಶೈಲದ ತನಕ ನಡೆಯಬೇಕು. ಹೊತ್ತು ಮೂಡಿದ ಮೇಲೆ ಮುಳುಗುವವರೆಗೆ ಬಿಚ್ಚುವಂತಿಲ್ಲ, ನೆಲ ಮುಟ್ಟುವಂತಿಲ್ಲ. ಅವು ಮಲ್ಲಯ್ಯನ ಕಾಲುಗಳು ಎಂಬ ಭಾವನೆಯಿದ್ದುದರಿಂದ ಬಿಚ್ಚುವಾಗ ಯಾರೂ ನೋಡಕೂಡದು. ಹೊತ್ತು ಇಳಿಯುತ್ತಲೇ ಅವರ ಬಿಡಾರವೇ ಬೇರೆ. ಅವರಲ್ಲೊಬ್ಬ ಹೊಸಬನಿದ್ದ. ಕೃಷ್ಣೆಯ ಆಚೆ ದಂಡೆಯ ನೇಕಾರ, ಹೆಸರು ಅಡಿವೆಪ್ಪ. ಆ ಹೆಸರು ಹುಲಿಗೆವ್ವನಿಗೆ ತಿಳಿದದ್ದು ಬಹಳ ತಡವಾಗಿ. ಅವನ ಅಣ್ಣ ಮಗ್ಗದ ಕುಣಿಯಲ್ಲಿ ಕುಳಿತಲ್ಲಿಯೇ ಕಾಲಿನ ಶಕ್ತಿ ಕಳೆದುಕೊಂಡು ಎರಡು ವರ್ಷ ಹಾಸಿಗೆ ಹಿಡಿದಿದ್ದ. ಅವನು ಎದ್ದು ನಿಂತರೆ ಮನೆಯಿಂದ ಒಬ್ಬರು ಮರಗಾಲಿನಲ್ಲಿ ಬರುತ್ತೇವೆ ಎಂದು ತಾಯಿ ಹರಕೆ ಹೊತ್ತಿದ್ದಳು. ಅಣ್ಣ ಎದ್ದು ನಿಂತ, ತಮ್ಮ ಹೊರಟ. ಹುಟ್ಟಿದಾಗಿನಿಂದ ಕುಣಿಮಗ್ಗದಲ್ಲಿ ನೆಲಕ್ಕಿಂತ ಕೆಳಗೆ ಕಾಲಿಳಿಬಿಟ್ಟು ಬದುಕಿದವನಿಗೆ ಈಗ ಊರ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ತನ್ನವರ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ದಿನವೂ ಹಿಂದೆ ಬಿದ್ದು, ಹೆಂಗಸರ ಗುಂಪಿನ ಹತ್ತಿರ ನಡೆಯುತ್ತಿದ್ದ.

ಹುಲಿಗೆವ್ವನಿಗೆ ಕುತೂಹಲ ಜಾಸ್ತಿ. ಮುಳ್ಳು ಚುಚ್ಚುವ ಭಯವಿಲ್ಲದವನು, ಬೆನ್ನಿಗೆ ಇರುವೆ ಹತ್ತಿದರೆ ಏನು ಮಾಡುತ್ತಾನೆ? ನೀರು ಯಾರು ಕೊಡುತ್ತಾರೆ? ಮೊದಲ ದಿನವೇ ಕತ್ತು ಮೇಲೆತ್ತಿ ಕೇಳಿಬಿಟ್ಟಳು: "ಮಲ್ಲಯ್ಯಾ, ನಿಂದ್ರೋದs ಇಲ್ಲೇನು ನೀನು? ಸುಮ್ನ ಒಂದ್ ಗಳಿಗಿ ನಿಂದ್ರಬಾರದಾ?" ಅವನು ಮೇಲಿನಿಂದ ಹೇಳಿದ: "ನಿಂತ್ರ ಬೀಳ್ತೀನಿ ತಾಯೀ. ಮರಗಾಲಿಗೆ ನಿಂದ್ರಾಕ ಬರಂಗಿಲ್ಲ. ನಡೀತಿರಬೇಕು, ಇಲ್ಲಾ ಕುಂದ್ರಬೇಕು." ಅದು ನಿಜ. ಮಾತಾಡುವಾಗಲೂ ಅವನ ಕಾಲುಗಳು ಒಂದರ ಹಿಂದೊಂದು ನೆಲ ಕುಟ್ಟುತ್ತಲೇ ಇದ್ದವು. ಆಮೇಲೆ ಅವಳು ಉದ್ದನೆಯ ಕೋಲಿನ ತುದಿಗೆ ಚಂಬು ಕಟ್ಟಿ ಅವನಿಗೆ ಮಜ್ಜಿಗೆ ಏರಿಸಿದಳು. ದಿನವೂ ಏರಿಸಿದಳು. ಮೂರನೆಯ ದಿನದ ಮೇಲೆ ತಾಯಿ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ ಎನ್ನುತ್ತಾರೆ. ಹೆಂಗಸರು ಅದನ್ನು ಗಮನಿಸದೆ ಇರಲಿಲ್ಲ.

ಒಂಬತ್ತನೆಯ ದಿನ ಈ ಬಯಲು ಬಂತು. ನಾಲ್ಕು ಹರದಾರಿ ಉದ್ದಕ್ಕೂ ಒಂದು ಗೋಡೆಯಿಲ್ಲ, ಮರವಿಲ್ಲ. ಮರಗಾಲಿನವನು ಕುಳಿತುಕೊಳ್ಳಬೇಕೆಂದರೆ ಎತ್ತರದ ಯಾವ ಆಸರೆಯೂ ಇಲ್ಲ. ಅನುಭವಸ್ಥರು ನಸುಕಿಗೇ ಹೊರಟು ದಾಟಿ ಹೋಗಿದ್ದರು. ಅಡಿವೆಪ್ಪ ನಡುಬಯಲಿಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲಿದ್ದ, ಅವನ ತೊಡೆ ನಡುಗುತ್ತಿತ್ತು. ಬಿದ್ದರೆ ಹರಕೆ ಮುರಿಯಿತು. ಹರಕೆ ಮುರಿದರೆ ಅಣ್ಣ ಮತ್ತೆ ಹಾಸಿಗೆ ಹಿಡಿಯುತ್ತಾನೆ ಎಂದು ಅವನ ಜೀವ ಹೆದರಿತ್ತು. ಹುಲಿಗೆವ್ವ ಬುಟ್ಟಿ ಕೆಳಗಿಟ್ಟು, ಅಲ್ಲಿಂದ ಕೂಗಳತೆಯಲ್ಲಿದ್ದ ಹಾಸುಬಂಡೆಯನ್ನು ನೋಡಿ, ತಂದೆಗೆ ಹೇಳಿದಳು: "ಎಪ್ಪಾ, ಕಟ್ಟೆ ಕಟ್ಟೂಣು." ಯಮನಪ್ಪ ಮಗಳನ್ನೂ ನೋಡಿದ, ಮೇಲಿದ್ದವನನ್ನೂ ನೋಡಿದ. ಉಳಿ ತೆಗೆದ. ಅವನು ಬಂಡೆಯಲ್ಲಿ ಚಪ್ಪಡಿ ಎಬ್ಬಿಸಿದ, ಯಾತ್ರಿಕರು ಮಲ್ಲಯ್ಯನ ಹೆಸರು ಕೂಗುತ್ತ ಹೊತ್ತು ತಂದರು. ಅಲ್ಲಿಯವರೆಗೆ ಅಡಿವೆಪ್ಪ ಕಣದಲ್ಲಿ ಹಂತಿ ಕಟ್ಟಿದ ಎತ್ತಿನ ಹಾಗೆ ಸುತ್ತು ಹಾಕುತ್ತಲೇ ಇದ್ದ. ಎತ್ತರ ಎಷ್ಟಿರಬೇಕೆಂದು ಹುಲಿಗೆವ್ವ ಅವನ ಜೊತೆಗೇ ಓಡುತ್ತ, ಕೋಲು ಹಿಡಿದು, ಮರಗಾಲು ಮತ್ತು ಮೊಣಕಾಲಿನ ಅಳತೆ ತೆಗೆದಳು. ಮೂರು ಮೊಳ. ಕೊನೆಯ ಚಪ್ಪಡಿ ಕೂತದ್ದೇ ಅವನೂ ಕೂತ, ಕೂತು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅಳು ನಿಂತ ಮೇಲೆ ಅವನು ಕೆಳಗೆ ನೋಡಿದ. ಕಲ್ಲು ಹೊತ್ತು ಅವಳ ಸೆರಗು ಜಾರಿತ್ತು, ಕೂದಲಲ್ಲಿ ಕಲ್ಲಪುಡಿ. "ನಿನ್ನ ನೆತ್ತಿ ಮ್ಯಾಲ ಎರಡು ಸುಳಿ ಅದಾವ," ಎಂದ. ತಲೆಯಲ್ಲಿ ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಹುಲಿಗೆವ್ವ, "ಎರಡು ಎಲ್ಲಿಂದ ತರ್ಲಿ? ಒಂದನ್ನs ಹೆಂಗ ತಪ್ಪಿಸ್ಕೊಳ್ಳೋದು ಅಂತ ಚಿಂತಿ ಹತ್ತೈತಿ ನನಗ," ಎಂದು ಸೋದರಮಾವನ ವಿಷಯ ಹೇಳಿದಳು. ತಂದೆಗೆ ಹೇಳಲಾರದ್ದನ್ನು ಊರು ಹೆಸರು ಗೊತ್ತಿಲ್ಲದವನಿಗೆ ಹೇಳಿದ್ದು ಅವಳಿಗೇ ಆಶ್ಚರ್ಯ. ಅವನು, "ಬರೂವಾಗ ಈ ಕಟ್ಟಿ ಹತ್ರ ಇರ್ತೀನಿ. ನಿಮ್ಮಪ್ಪನ್ನ ಕೇಳ್ತೀನಿ," ಎಂದ. ಯಮನಪ್ಪ ಅಲ್ಲೇ ಉಳಿ ಮಸೆಯುತ್ತಿದ್ದ. ತಲೆ ಎತ್ತದೆ ಮಗಳಿಗೆ ಹೇಳಿದ: "ಯಾತ್ರಾದಾಗ ಲಗ್ನದ ಮಾತು ಬ್ಯಾಡ. ಬರೂವಾಗ ನೆಲದ ಮ್ಯಾಲ ನಿಂತು ಕೇಳ್ಲಿ, ಕೊಡ್ತೀನಿ. ಒಂದ್ ದಿನ ಕಾಯ್ತೀನಿ, ಹೊತ್ತು ಮುಳುಗೂತನಕ. ಬರ್ಲಿಲ್ಲ ಅಂದ್ರ ನಿಮ್ಮ ಮಾವಗ ಹ್ಞೂ ಅಂತೀನಿ." ಹೊಳೆ ದಾಟಿ ಕಾಡಿನ ಏರು ಬಂದಲ್ಲಿ ಮರಗಾಲಿನವರು ಬೇರೆ ದಾರಿ ಹಿಡಿದರು. ಅಲ್ಲಿಂದ ಮುಂದೆ ಯಾತ್ರೆಯಲ್ಲಿ ಹುಲಿಗೆವ್ವನೂ ಅವನೂ ಒಬ್ಬರನ್ನೊಬ್ಬರು ಕಾಣಲಿಲ್ಲ.

ಶ್ರೀಶೈಲದಲ್ಲಿ ಅಡಿವೆಪ್ಪ ಮರಗಾಲುಗಳನ್ನು ದೇವರಿಗೆ ಒಪ್ಪಿಸಿದ. ಮುಡಿಯನ್ನೂ ಗಡ್ಡಮೀಸೆಯನ್ನೂ ಕೊಟ್ಟ. ಮಲ್ಲಯ್ಯನನ್ನು ಕೂಗಿ ಕೂಗಿ ಗಂಟಲು ಬಿದ್ದಿತ್ತು. ಅಲ್ಲಿ ಎಲ್ಲರದೂ ಬಿದ್ದಿತ್ತು. ಈಗ ನೋಡಿ, ಎತ್ತರ ಹೋಯಿತು, ಮುಖ ಹೋಯಿತು, ದನಿಯೂ ಹೋಯಿತು. ಹುಲಿಗೆವ್ವ ಕಂಡಿದ್ದೆಲ್ಲ ಆಕಾಶಕ್ಕೆ ತಾಗಿದ ಒಂದು ಗಡ್ಡ. ಅಡಿವೆಪ್ಪ ಕಂಡಿದ್ದು ಒಂದು ನೆತ್ತಿ. ಮರಗಾಲು ಬಿಚ್ಚಿದ ಮೇಲೆ ಅವನು ಎಷ್ಟು ಉದ್ದ ಉಳಿಯುತ್ತಾನೆ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಎಲ್ಲವನ್ನೂ ಕೇಳುವ ಹುಡುಗಿ ಅದೊಂದನ್ನು ಕೇಳಲು ಮರೆತಿದ್ದಳು.

ಹಿಂತಿರುಗುವಾಗ ಯಮನಪ್ಪ ಮಾತಿನಂತೆ ಕಟ್ಟೆಯ ಬಳಿ ಒಂದು ದಿನ ಇಳಿದುಕೊಂಡ. ಹುಲಿಗೆವ್ವ ಬೆಳಗಿನಿಂದ ದಾರಿಗೆ ಅಡ್ಡ ನಿಂತು ಉದ್ದನೆಯ ಗಂಡಸರನ್ನೆಲ್ಲ ತಡೆದು ಮುಖ ನೋಡಿದಳು. ಒಬ್ಬ ಬೈದ, ಒಬ್ಬ ನಕ್ಕ, ಒಬ್ಬನ ಹೆಂಡತಿ ಜಗಳಕ್ಕೇ ಬಂದಳು. ಮಧ್ಯಾಹ್ನವಾಯಿತು, ನೆರಳು ಮೂಡಲಿಗೆ ಉದ್ದವಾಯಿತು. ಬಂದವರಲ್ಲಿ ಅವನಿಲ್ಲ. ಬರುವುದಿಲ್ಲವೇನೋ ಎಂದು ಮೊದಲ ಸಲ ಅನ್ನಿಸಿದಾಗ ಅವಳಿಗೆ ಕಟ್ಟೆಯ ಮೇಲೆಯೇ ಸಿಟ್ಟು ಬಂತು. ಯಮನಪ್ಪ ಗಂಟು ಕಟ್ಟಲು ಎದ್ದ.

ಅಷ್ಟು ಹೊತ್ತೂ ಅಲ್ಲಿ ಒಬ್ಬ ಗಿಡ್ಡನೆಯ, ನುಣ್ಣಗೆ ಬೋಳಿಸಿದ ತಲೆಯ ಗಂಡಸು ಸುತ್ತಾಡುತ್ತಿದ್ದ. ಮೂರು ಸಲ ಹುಲಿಗೆವ್ವನ ಎದುರಿಗೇ ಹಾದುಹೋಗಿದ್ದ. ಅವಳು ಅವನ ತಲೆಯ ಮೇಲಿಂದ ಹಿಂದಿನವರನ್ನು ನೋಡಿದ್ದಳು. ಅವನಾದರೋ, ಈ ಹುಡುಗಿ ಉದ್ದನೆಯವರನ್ನೇ ಹುಡುಕುವುದನ್ನು ನೋಡಿ, ಇವಳೇ ಇರಬೇಕು ಎಂದುಕೊಂಡು, ಅದರಿಂದಲೇ ಎದೆ ಒಡೆದುಕೊಂಡಿದ್ದ. ಕೆಳಗೆ ನಿಂತು ನಾನೇ ಅವನು ಎಂದರೆ ನಂಬುತ್ತಾಳೆಯೇ? ನಂಬಿದರೂ ಒಪ್ಪುತ್ತಾಳೆಯೇ? ಸುಮ್ಮನೆ ಊರ ದಾರಿ ಹಿಡಿದುಬಿಡೋಣ ಎಂದು ಎರಡು ಸಲ ಹೊರಟು ಎರಡು ಸಲ ತಿರುಗಿ ಬಂದಿದ್ದ. ಇದೆಲ್ಲ ಆಮೇಲೆ ಅವನೇ ಹೇಳಿಕೊಂಡದ್ದು. ಸೂರ್ಯ ಕಟ್ಟೆಯ ಮಟ್ಟಕ್ಕೆ ಇಳಿದಾಗ ಅವನು ಓಡಿಬಂದು ಕಟ್ಟೆ ಹತ್ತಲು ತೊಡಗಿದ. ಎಲ್ಲಿ ಹತ್ತುವುದು? ಎದೆಮಟ್ಟದ ಕಲ್ಲು ಅವನಿಗೆ ಗಲ್ಲದ ಮಟ್ಟ. ಜಾರಿದ, ಮತ್ತೆ ಹತ್ತಿದ, ಮೊಣಕಾಲು ತರಚಿತು. ಸುತ್ತಲಿದ್ದವರು ನಕ್ಕರು. ಹುಲಿಗೆವ್ವ ಮಾತ್ರ ನಗಲಿಲ್ಲ. ಸೆರಗು ಜಾರಿದ್ದನ್ನೂ ನೋಡದೆ ಓಡಿ ಬಂದು, ಉಳಿದಷ್ಟು ದನಿಯಲ್ಲಿ ಗದರಿದಳು: "ಇಳಿ ಮಲ್ಲಯ್ಯಾ! ಅದು ನಿನಗ ಕಟ್ಟಿದ್ದಲ್ಲ, ಅದರ ಮ್ಯಾಲ ಕೂಡಾವರು ಬ್ಯಾರೆ ಅದಾರ!"

ಅವನು ಇಳಿಯಲಿಲ್ಲ. ಹೇಗೋ ಮೇಲೆ ಸೇರಿ ಎದ್ದು ನಿಂತ. ನಿಂತ ಎಂದರೆ ನಿಲ್ಲಲಿಲ್ಲ. ಅವನ ಪಾದಗಳು ಒಂದರ ಹಿಂದೊಂದು ಕಲ್ಲು ಕುಟ್ಟುತ್ತಿದ್ದವು. ಅಷ್ಟು ದಿನ ಮರಗಾಲಿನಲ್ಲಿ ಬದುಕಿದವನಿಗೆ ನಿಲ್ಲುವುದು ಮರೆತೇಹೋಗಿತ್ತು. ಬೆಳಗಿನಿಂದ ಹುಲಿಗೆವ್ವ ನೂರಾರು ಮುಖ ನೋಡಿದ್ದಳು, ಒಬ್ಬರ ಕಾಲನ್ನೂ ನೋಡಿರಲಿಲ್ಲ. ಈಗ ಆ ಪಾದಗಳು ಅವಳ ಕಣ್ಣೆದುರಿಗೇ ಕುಣಿಯುತ್ತಿದ್ದವು. ತಲೆ ಬಗ್ಗಿಸಿ ಅವುಗಳನ್ನೇ ನೋಡಿದಳು. ತಲೆ ಬಗ್ಗಿಸಿದ್ದೇ ತಡ, ಮೇಲಿದ್ದವನಿಗೆ ಅವಳ ನೆತ್ತಿ ಕಂಡಿತು. ದನಿಯಿಲ್ಲದ ಗಂಟಲಿನಲ್ಲಿ, ಗಾಳಿಯಷ್ಟೇ ಬಂದ ಹಾಗೆ, "ಎರಡು" ಎಂದ.

ಯಮನಪ್ಪ ಕೈಯಲ್ಲಿದ್ದ ಗಂಟು ಕೆಳಗಿಟ್ಟ. "ನೆಲಕ್ಕ ಇಳಿದು ಕೇಳಪ್ಪಾ," ಎಂದ. ಅವನು ಇಳಿದು ಕೇಳಿದ. ಅಳಿಯನಾಗುವವನು ಮಗಳ ಕಿವಿಯವರೆಗೆ ಬರುವುದನ್ನು ನೋಡಿ ಯಮನಪ್ಪ, "ಇಷ್ಟs ಏನವ್ವಾ ಇವನು?" ಎಂದನಂತೆ. ಹುಲಿಗೆವ್ವ ಹೇಳಿದಳು: "ಉಳಿದದ್ದು ನಾನು ನೋಡೀನಿ ಎಪ್ಪಾ." ಸೋದರಮಾವನಿಗೆ ಆಗದು ಎಂಬ ಮಾತು ಹೋಯಿತು. ಮದುವೆ ಇಲ್ಲೇ ಈ ಕಟ್ಟೆಯ ಮುಂದೆ ನಡೆಯಿತು. ಮದುಮಗಳು ಸ್ವಲ್ಪ ಬಗ್ಗಿ ಮಾಲೆ ಹಾಕಿಸಿಕೊಂಡಳು. ಬಯಲಿನ ಅಂಚಿಗೆ ಅವರು ಮನೆ ಹಾಕಿದರು, ಅವನು ಕುಣಿ ತೋಡಿ ಮಗ್ಗ ಹೂಡಿದ, ಅವಳು ಬೀಸುಕಲ್ಲು ಹೊಡೆದಳು, ಪ್ರತಿ ಫಾಲ್ಗುಣದಲ್ಲಿ ಮರಗಾಲಿನವರಿಗೆ ಕೋಲಿನ ತುದಿಯಲ್ಲಿ ಮಜ್ಜಿಗೆ ಏರಿಸಿದರು. ಎರಡು ಸುಳಿಯ ಮಾತು ಏನಾಯಿತು ಎಂದು ಯಾರಾದರೂ ಕೆಣಕಿದರೆ ಹುಲಿಗೆವ್ವ ಮುಪ್ಪಿನಲ್ಲೂ ಒಂದೇ ಉತ್ತರ ಕೊಡುತ್ತಿದ್ದಳಂತೆ: "ಖರೇನs ಆತು. ಒಬ್ಬ ಮ್ಯಾಲಿನವನು, ಒಬ್ಬ ನೆಲದವನು. ಇಬ್ಬರನ್ನೂ ಮಾಡ್ಕೊಂಡೆ."

ಈಗಲೂ ಶ್ರೀಶೈಲಕ್ಕೆ ನಡೆದು ಹೋಗುವವರಲ್ಲಿ ಕೆಲವರು ಡಾಂಬರು ರಸ್ತೆ ಬಿಟ್ಟು ಈ ಕಟ್ಟೆ ನೋಡಿ ಹೋಗುತ್ತಾರೆ. ಹೊಸದಾಗಿ ಮದುವೆಯಾದವರನ್ನು ಊರವರು ಇಲ್ಲಿಗೆ ಕರೆತಂದು, ಗಂಡನನ್ನು ಮೇಲೆ ಹತ್ತಿಸಿ ಹೆಂಡತಿಯನ್ನು ಕೆಳಗೆ ನಿಲ್ಲಿಸುತ್ತಾರೆ. ಆಮೇಲೆ ಅವಳನ್ನು ಹತ್ತಿಸಿ ಅವನನ್ನು ಕೆಳಗೆ ನಿಲ್ಲಿಸುತ್ತಾರೆ. ಕಟ್ಟೆಯ ಮೂಡಣ ಮಗ್ಗುಲಲ್ಲಿ, ಬಗ್ಗಿ ನೋಡಿದರೆ, ಉಳಿಯಿಂದ ಕೊರೆದ ನಾಲ್ಕು ಹೆಜ್ಜೆಗುಳಿಗಳಿವೆ. ಮದುವೆಯಾದ ವರ್ಷ ಹುಲಿಗೆವ್ವ ಕೊರೆದದ್ದು ಎನ್ನುತ್ತಾರೆ. ಉದ್ದ ಕಾಲಿನವರು ಅವುಗಳಲ್ಲಿ ಕಾಲಿಟ್ಟು ಹತ್ತಲು ಹೋದರೆ ಮೊಣಕಾಲು ಕಲ್ಲಿಗೆ ಬಡಿಯುತ್ತದೆ. ಗುಳಿಗಳ ನಡುವಿನ ಅಂತರ ಅಷ್ಟು ಕಡಿಮೆ. ಒಬ್ಬ ಗಿಡ್ಡ ಮನುಷ್ಯನ ಕಾಲಿಗೆ ಅಳತೆ ಹಿಡಿದು ಮಾಡಿದ ಹಾಗಿದೆ.