ಹೊಂಡ ತೋಡಿದವನ ಮಾತು

ಆ ಕಾಡಿನ ಹೊಂಡಕ್ಕೆ ಒಂದೇ ಕಟ್ಟಳೆ ಇತ್ತು: ನೀರಿನ ಬಳಿ ಯಾರೂ ತಮ್ಮ ಪಂಗಡದ, ತಮ್ಮ ದೇವರ ಮಾತು ಎತ್ತಬಾರದು. ಅದನ್ನು ಕಾಯುವ ಹೊಣೆ ಮುದಿ ಆಮೆಯದು. ಬೇಸಿಗೆ ಬಂತೆಂದರೆ ಒಂದಲ್ಲ ಒಂದು ದೂರು ಕೇಳಿ ಕೇಳಿ ಅದಕ್ಕೆ ಸಾಕಾಗಿಹೋಗಿತ್ತು.

ಈ ಸಲ ದೂರು ತಂದದ್ದು ಕಪ್ಪೆ. "ಅಜ್ಜ, ಈ ಕೊಕ್ಕರೆ ದಿನಾ ನೀರು ಕುಡಿಯುವ ಮುಂಚೆ 'ಈ ಹೊಂಡವನ್ನು ಯಾರೋ ತೋಡಿದ್ದಾರೆ' ಅನ್ನುತ್ತದೆ. ಇದು ದೇವರ ಮಾತಲ್ಲವೇ?"

"ನಾನು ಯಾರ ಹೆಸರೂ ಹೇಳಲಿಲ್ಲ, ಕೈ ಮುಗಿಯಿರಿ ಅಂತಲೂ ಅನ್ನಲಿಲ್ಲ," ಎಂದಿತು ಕೊಕ್ಕರೆ. "ಹೊಂಡ ಇದೆ, ಆದ್ದರಿಂದ ತೋಡಿದವನೂ ಇದ್ದಾನೆ. ಇದು ಬರೀ ವಿಚಾರ."

ಆಮೆಗೆ ಅದರಲ್ಲಿ ತಪ್ಪು ಕಾಣಲಿಲ್ಲ. "ಅಷ್ಟೇ ಆದರೆ ಅನ್ನಲಿ ಬಿಡು."

ಕೊಕ್ಕರೆ ಕತ್ತು ಎತ್ತರಿಸಿತು. "ಹಾಗಾದರೆ ತೋಡಿದವನನ್ನು ನೆನೆಯುವವರು ಮೊದಲು ಕುಡಿಯುವುದು ನ್ಯಾಯ."

"ಅವರೇ ಕೊನೆಗೆ ಕುಡಿಯಲಿ," ಎಂದಿತು ಕಪ್ಪೆ. "ಇದನ್ನು ಯಾರೂ ತೋಡಲಿಲ್ಲ ಎಂದು ತಿಳಿಯುವ ಬುದ್ಧಿ ಇದ್ದವರು ಮೊದಲು."

ಕೊಕ್ಕರೆಯ ಜೊತೆ ಕೆಲವರು, ಕಪ್ಪೆಯ ಜೊತೆ ಕೆಲವರು ಸೇರಿಕೊಂಡು, ಎರಡೂ ಕಡೆಯವರು ದಡಕ್ಕೆ ಅಡ್ಡ ನಿಂತರು. ಅವರ ಹಿಂದೆ ಕುಂಟು ಜಿಂಕೆಯೊಂದು ಬಾಯಾರಿ ಕಾಯುತ್ತಿತ್ತು.

ಆಮೆ ನಿಟ್ಟುಸಿರು ಬಿಟ್ಟಿತು. "ಯಾರೋ ತೋಡಿದರು, ಯಾರೂ ತೋಡಲಿಲ್ಲ ಅನ್ನುವ ತನಕ ಅದು ಎಲ್ಲರೂ ಆಡಬಹುದಾದ ಮಾತಾಗಿತ್ತು. ಮೊದಲ ಸರದಿ ನಮ್ಮದು ಅಂದಿರಲ್ಲ, ಅಲ್ಲಿಗೆ ಇಬ್ಬರೂ ಪಂಗಡ ಕಟ್ಟಿದಿರಿ. ಜಿಂಕೆಗೆ ದಾರಿ ಬಿಡಿ."

ದಾರಿ ಬಿಟ್ಟರು. ಜಿಂಕೆ ನೀರು ಕುಡಿದು ಹೋಯಿತು. ಮೊದಲು ದಾರಿ ಬಿಟ್ಟವರು ಯಾರು ಎಂಬ ಜಗಳ ಶುರುವಾದಾಗ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.